ಗಂಡಸಾದ ನಾನು ಹೆಂಗಸರ ರೇನ್‌ಕೋಟ್ ತೊಟ್ಟು ತುಮಕೂರಿನಲ್ಲಿ ಓಡಾಡಬಹುದೇ?

ನೀವು ಮೂರು ವಿಷಯ ಕೇಳಿದ್ದೀರಿ. ಹೆಂಗಸರ ರೇನ್‌ಕೋಟ್ ಕಂಡರೆ ಇಷ್ಟಪಡುವುದು ಕಾಯಿಲೆಯೇ, ಅದನ್ನು ತೊಟ್ಟು ಓಡಾಡಿದರೆ ಪೊಲೀಸರು ಹಿಡಿಯುತ್ತಾರೆಯೇ, ಹೆಂಡತಿಗೆ ಹೇಳಬೇಕೇ. ನಾನೂ ತುಮಕೂರಿನವನು, ಸಂಸಾರಸ್ಥ. ಎಷ್ಟೋ ವರ್ಷಗಳಿಂದ ಮಳೆಗಾಲದಲ್ಲಿ ಹೆಂಗಸರ ರೇನ್‌ಕೋಟನ್ನೇ ತೊಡುತ್ತಿದ್ದೇನೆ. ಧಾರಾಳವಾಗಿ ತೊಡಿ ಎಂಬುದೇ ನನ್ನ ಉತ್ತರ.

ಕಾಯಿಲೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹಿಂದೆ ಇಂತಹ ಆಸೆಗಳನ್ನು ತನ್ನ ರೋಗಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ಜನವರಿಯಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿದೆ. ಇದನ್ನು ‘ಬಿಡಿಸುತ್ತೇವೆ’ ಎಂದು ಯಾರಾದರೂ ದುಡ್ಡು ಕೇಳಿದರೆ ಅವರ ಹತ್ತಿರ ಸುಳಿಯಬೇಡಿ.

ಇನ್ನು ಕಾನೂನು. ಗಂಡಸು ಹೆಂಗಸರ ಬಟ್ಟೆ ತೊಡಬಾರದು ಎಂಬ ಕಾನೂನು ನಮ್ಮಲ್ಲಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪು, ಉಡುಪನ್ನು ಆರಿಸಿಕೊಳ್ಳುವುದೂ ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದಿದೆ. ಆದರೆ ಉಡುಪು ಬೇರೆ, ಹೆಂಗಸರಿಗೆಂದು ಮೀಸಲಾದ ಸೌಲಭ್ಯ ಬೇರೆ. ಈ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಸರ್ಕಾರಿ ಬಸ್ ಹತ್ತಿದರೆ ಟಿಕೆಟ್ ತೆಗೆದುಕೊಳ್ಳಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸೇರಿದ್ದು. ರೇನ್‌ಕೋಟ್ ನೋಡಿ ಕಂಡಕ್ಟರ್ ಸುಮ್ಮನೆ ಮುಂದೆ ಹೋದರೂ ನೀವೇ ಕರೆದು ದುಡ್ಡು ಕೊಡಿ. ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಮಹಿಳೆಯರ ಬೋಗಿಗೆ ಕಾಲಿಡಬೇಡಿ. ರೈಲ್ವೆ ಕಾಯಿದೆಯಲ್ಲಿ ಅದು ಅಪರಾಧ. ಅಪರಾಧವಾಗಿರದಿದ್ದರೂ ಅಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ದಿಗಿಲು ಹುಟ್ಟಿಸುವ ಹಕ್ಕು ನಮಗಿಲ್ಲ.

ಇಷ್ಟು ಹೇಳಿ ನನಗೆ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಗಂಡಸರಿಗೆಂದು ಮಾರುವ ರೇನ್‌ಕೋಟ್ ನೋಡಿ: ಕಪ್ಪು ಇಲ್ಲವೇ ಕಡು ನೀಲಿ, ಮೇಲೊಂದು ಅಂಗಿ, ಕೆಳಗೊಂದು ಪ್ಯಾಂಟು, ಮುಗಿಯಿತು. ಹೆಂಗಸರದ್ದನ್ನು ಹೊಲಿದವರು ಒಂದಿಷ್ಟು ಯೋಚನೆ ಮಾಡಿರುತ್ತಾರೆ. ಸೀರೆ, ಚೂಡಿದಾರದ ಮೇಲೆ ತೊಡಬೇಕಾದದ್ದು, ಆದ್ದರಿಂದ ಮೊಣಕಾಲು ದಾಟಿ ಇಳಿಯುತ್ತದೆ. ಸೊಂಟದ ಹತ್ತಿರ ಸಣ್ಣಗಾಗಿ ಕೆಳಗೆ ಘೇರು ಬಿಟ್ಟುಕೊಳ್ಳುತ್ತದೆ. ಟೋಪಿಯೊಳಗೆ ಜಡೆ, ತುರುಬಿಗೂ ಜಾಗವಿರುತ್ತದೆ. ಗುಂಡಿಗಳು ಎಡಬದಿಗೆ ಇರುವುದರಿಂದ ಮೊದಮೊದಲು ಬೆರಳು ತಡವರಿಸುತ್ತದೆ, ಆಮೇಲೆ ಆ ತಡವರಿಕೆಯೇ ಹಿತವೆನಿಸುತ್ತದೆ. ನನ್ನ ಬಳಿ ಈಗಿರುವುದು ನೇರಳೆ ಬಣ್ಣದ್ದು, ಸೊಂಟಕ್ಕೆ ಅದೇ ಬಟ್ಟೆಯ ಪಟ್ಟಿ. ಪಟ್ಟಿ ಬಿಗಿದು ಟೋಪಿ ಎಳೆದುಕೊಂಡರೆ ಕಿವಿಯ ಮೇಲೆಯೇ ಪಟಪಟನೆ ಮಳೆ ಬೀಳುತ್ತದೆ, ನಡೆದಂತೆಲ್ಲ ಘೇರು ಕಾಲಿಗೆ ತಾಕಿ ಸರಸರ ಎನ್ನುತ್ತದೆ. ಆಗ ಆಗುವ ಖುಷಿಗೆ ಕಾರಣ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ನೀವೂ ಬಿಡಬಹುದು.

ಕೊಳ್ಳುವಾಗ ಸೊಂಟದ ಅಳತೆಗಿಂತ ಭುಜದ ಅಳತೆ ಮುಖ್ಯ. ಭುಜದ ಹೊಲಿಗೆ ನಿಮ್ಮ ಭುಜದ ತುದಿಗೇ ಬರಬೇಕು. ಒಳಗೆ ಕುಳಿತರೆ ಕೈ ಎತ್ತಿದಾಗ ಕಂಕುಳಲ್ಲಿ ಹರಿಯುತ್ತದೆ. ತೋಳೂ ಗಿಡ್ಡವಾಗುತ್ತದೆ. ಆದ್ದರಿಂದ ಒಂದೆರಡು ಅಳತೆ ದೊಡ್ಡದನ್ನೇ ನೋಡಿ. ಒಳಗಡೆ ತಿರುಗಿಸಿ ಹೊಲಿಗೆಯ ಮೇಲೆ ಪಾರದರ್ಶಕ ಟೇಪು ಅಂಟಿಸಿದ್ದಾರೆಯೇ ಎಂದು ಗಮನಿಸಿ. ಇಲ್ಲವಾದರೆ ಸೂಜಿಯ ತೂತುಗಳಿಂದ ನೀರು ಜಿನುಗುತ್ತದೆ. ಪಿವಿಸಿಯದ್ದು ಹೊಳೆಯುತ್ತದೆ, ನೋಡಲು ಚೆನ್ನ, ಆದರೆ ಮಡಿಕೆಗಳಲ್ಲಿ ಸೀಳುತ್ತದೆ. ನೈಲಾನಿನದು ಹಗುರ, ಒಳಗಿನ ಲೇಪ ಮಾತ್ರ ಕಾಲಕ್ರಮೇಣ ಸುಲಿಯುತ್ತದೆ. ಯಾವುದಾದರೂ ಸರಿ, ಒದ್ದೆಯಾಗಿದ್ದಾಗ ಮಡಿಸಬೇಡಿ, ನೆರಳಿನಲ್ಲಿ ಹ್ಯಾಂಗರಿಗೆ ಹಾಕಿ ಒಣಗಿಸಿ, ಇಸ್ತ್ರಿ ತಾಗಿಸಲೇಬೇಡಿ. ಬೈಕ್ ಓಡಿಸುವವರಾದರೆ ಘೇರನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂರಿ, ಚಕ್ರಕ್ಕೆ ಸಿಕ್ಕೀತು.

ಅಂಗಡಿಯವರು “ಮನೆಯವರ ಎತ್ತರ ಎಷ್ಟು ಸರ್?” ಎಂದು ಕೇಳುತ್ತಾರೆ. “ನನಗೇ ಬೇಕು” ಎನ್ನಿ. ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ ನಾನು ಹಾಗೆಂದಾಗ ಆ ಹುಡುಗ ಒಂದು ಗಳಿಗೆ ನನ್ನ ಮುಖ ನೋಡಿ, “ಹಾಗಾದರೆ ಡಬಲ್ ಎಕ್ಸೆಲ್ ಬೇಕಾಗುತ್ತದೆ, ಆ ಅಳತೆಯಲ್ಲಿ ಹಳದಿ ಇಲ್ಲ” ಎಂದ. ಅವನಿಗೆ ಬೇಕಾಗಿದ್ದುದು ವ್ಯಾಪಾರ.

ಬೀದಿಯಲ್ಲಿ ನೋಡುವವರು ನೋಡುತ್ತಾರೆ, ಇಲ್ಲವೆನ್ನಲಾರೆ. ಕರಗ ಹೊರುವವರು ಸೀರೆಯುಟ್ಟು ಬಳೆ ತೊಟ್ಟು ಬಂದರೆ ಕೈಮುಗಿಯುವ ಜನ ನಾವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ರಂಗದ ಮೇಲೆ ಗಂಡಸರೇ ಹೆಣ್ಣು ಪಾತ್ರ ಮಾಡುತ್ತಿದ್ದ ಕಾಲವಿತ್ತು, ಆ ಗುಬ್ಬಿ ನಮ್ಮ ಪಕ್ಕದ ತಾಲ್ಲೂಕು. ಆದರೂ ಇವುಗಳನ್ನು ಮುಂದಿಟ್ಟು ವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ದೇವರ ಸೇವೆಗೋ ಕಲೆಗೋ ಗೌರವ. ನಾವು ಕೇಳುತ್ತಿರುವುದು ಏನೂ ಕಾರಣವಿಲ್ಲದ ಒಂದು ಖುಷಿಗೆ ಜಾಗ. ಅದನ್ನು ನೇರವಾಗಿಯೇ ಕೇಳಬೇಕು.

ನಿಮ್ಮ ಆರಂಭಕ್ಕೆ ನನ್ನ ಸಲಹೆ: ನಿಜವಾದ ಮಳೆಯಲ್ಲೇ ಹೊರಡಿ. ಬಿಸಿಲಿನಲ್ಲಿ ರೇನ್‌ಕೋಟ್ ತೊಟ್ಟವರನ್ನು, ಅವರು ಗಂಡಾಗಲಿ ಹೆಣ್ಣಾಗಲಿ, ಜನ ತಿರುಗಿ ನೋಡುತ್ತಾರೆ. ಮಳೆ ಸುರಿಯುವಾಗ ಎಲ್ಲರಿಗೂ ತಮ್ಮ ತಲೆಯದೇ ಚಿಂತೆ. ಹಗಲು ಹೊತ್ತು, ಅಮಾನಿಕೆರೆಯ ದಾರಿಯಂತಹ ಜನ ಓಡಾಡುವ ಕಡೆ ಹೋಗಿ. ಕತ್ತಲಾದ ಮೇಲೆ ನಿರ್ಜನ ಬೀದಿ ಬೇಡವೇ ಬೇಡ. ಹಿಂದಿನಿಂದ ಬಂದವರು “ಅಕ್ಕಾ, ಸ್ವಲ್ಪ ದಾರಿ ಬಿಡಿ” ಎಂದರೆ ಬಿಟ್ಟು ಮುಂದೆ ನಡೆಯಿರಿ. ಪೋಲಿ ಹುಡುಗರು ಏನಾದರೂ ಅಂದರೆ ಉತ್ತರ ಕೊಡದೆ ಹತ್ತಿರದ ಅಂಗಡಿಗೆ ಹೋಗಿ ನಿಲ್ಲಿ, ಮೈಮೇಲೆ ಬಂದರೆ 112ಕ್ಕೆ ಕರೆ ಮಾಡಿ. ಪೊಲೀಸರು ನಿಲ್ಲಿಸಿ ಕೇಳಿದರೆ ನಿಮ್ಮ ನಿಜವಾದ ಹೆಸರು ಹೇಳಿ, ಗುರುತಿನ ಚೀಟಿ ತೋರಿಸಿ.

ಹೆಂಡತಿಗೆ ಹೇಳಿ, ಅವರೇ ಕಂಡುಹಿಡಿಯುವ ಮುಂಚೆ ಹೇಳಿ. ಬೀರುವಿನಲ್ಲಿ ಯಾರದೋ ಹೆಂಗಸಿನ ರೇನ್‌ಕೋಟ್ ಸಿಕ್ಕರೆ ಯಾವ ಹೆಂಡತಿಯಾದರೂ ಬೇರೆಯದನ್ನೇ ಯೋಚಿಸುತ್ತಾಳೆ, ಆ ನೋವು ಅನಗತ್ಯ. ನನ್ನವಳು ಕೇಳಿ ಎರಡು ದಿನ ಮಾತು ಕಡಿಮೆ ಮಾಡಿದಳು. ಆಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, ಮಗಳ ಶಾಲೆಯ ಹತ್ತಿರ ತೊಡುತ್ತೀರಾ ಎಂದು. ತೊಡುವುದಿಲ್ಲ ಎಂದೆ, ಮಗಳು ದೊಡ್ಡವಳಾಗಿ ತಾನೇ ಸರಿ ಎನ್ನುವವರೆಗೆ ತೊಡುವುದೂ ಇಲ್ಲ. ನಿಮ್ಮ ಮನೆಯವರೂ ಇಂಥದೊಂದು ಗೆರೆ ಹಾಕಬಹುದು, ಆ ಗೆರೆ ಎಲ್ಲಿರಬೇಕೆಂದು ಇಬ್ಬರೂ ಕುಳಿತು ಮಾತನಾಡಿ.

ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ. ಅದಕ್ಕೆ ಮುಂಚೆಯೇ ಅಂಗಡಿಗೆ ಹೋಗಿಬನ್ನಿ, ದೊಡ್ಡ ಅಳತೆಯವು ಬೇಗ ಖಾಲಿಯಾಗುತ್ತವೆ.