ಮಕ್ಕಳಲ್ಲಿ ದೇಶದ ಬಗ್ಗೆ ಹೆಮ್ಮೆ ಮೂಡಿಸುವುದು ಹೇಗೆ?

ಭಾಷಣದಿಂದ ಅಂತೂ ಅಲ್ಲ. ನಾನು ಕೊಡಗಿನವನು, ನಮ್ಮಲ್ಲಿ ಊರಿನ ಕತೆಯಿಂದಲೇ ಶುರು ಮಾಡಬಹುದು.

ಜನವರಿ 15 ಯಾಕೆ ಸೇನಾ ದಿನ ಅಂತ ಮಕ್ಕಳನ್ನು ಕೇಳಿ. ತುಂಬಾ ಜನರಿಗೆ ಗೊತ್ತಿರುವುದಿಲ್ಲ. 1949ರ ಆ ದಿನ ಬ್ರಿಟಿಷ್ ಜನರಲ್ ಬುಚರ್ ಅವರಿಂದ ಸೇನೆಯ ಹೊಣೆ ವಹಿಸಿಕೊಂಡದ್ದು ನಮ್ಮ ಕಾರ್ಯಪ್ಪನವರು. ಆಮೇಲೆ ಮಡಿಕೇರಿಯ ‘ಸನ್ನಿಸೈಡ್’ಗೆ ಕರೆದುಕೊಂಡು ಹೋಗಿ. ಜನರಲ್ ತಿಮ್ಮಯ್ಯನವರ ಮನೆ ಅದು, 2021ರಿಂದ ಮ್ಯೂಸಿಯಂ. ಅಂಗಳದ ಟ್ಯಾಂಕ್ ನೋಡಿದರೆ ಸಾಕು, ಪ್ರಶ್ನೆಗಳು ತಾವಾಗೇ ಬರುತ್ತವೆ. ಹತ್ತಿರದಲ್ಲೇ ಕೋಟೆ. ಬ್ರಿಟಿಷರ ವಿರುದ್ಧ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರಲ್ಲಿ ಗಲ್ಲಿಗೇರಿಸಿದ್ದು ಅಲ್ಲೇ. 1857ಕ್ಕಿಂತ 20 ವರ್ಷ ಮೊದಲು, ಅಲ್ವಾ!

ಆದರೆ ಸುಮ್ನೆ ನೋಡಿ ಬಂದರೆ ಸಾಲದು, ಕೈಗೆ ಕೆಲಸ ಕೊಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಗುರುತು ಪರಿಚಯ ಇಲ್ಲದವರು ಬಂದು ಪರಿಹಾರ ಕೇಂದ್ರಗಳಲ್ಲಿ ದುಡಿದರು. ಅದನ್ನು ಮಕ್ಕಳಿಗೆ ಹೇಳಿ. ಊರಿನ ತೋಡು, ಸ್ಮಾರಕದ ಸುತ್ತಲಿನ ಕಸ ಅವರಿಂದಲೇ ತೆಗೆಸಿ, ನೀವೂ ಜೊತೆಗೆ ಬಗ್ಗಿ. ಪಕ್ಕದ ಮನೆಯ ನಿವೃತ್ತ ಯೋಧರ ಅನುಭವ ಬರೆದುಕೊಳ್ಳಲು ಹೇಳಿ. ಕಾಫಿ ಕೊಯ್ಲಿನ ಸಮಯ ಮಾತ್ರ ಬೇಡ, ಆಗ ಯಾರಿಗೂ ಪುರುಸೊತ್ತಿಲ್ಲ.