ಕೋವಿಡ್‌ನಲ್ಲಿ ಸರ್ಜರಿ ಕಲಿಯೋದು ತಪ್ಪಿಹೋಯಿತು, ಕಣ್ಣಿನ ಡಾಕ್ಟರ್ ಆಗಿ ಇನ್ನೊಂದು ವರ್ಷ ತರಬೇತಿ ಮಾಡಬೇಕಾ?

ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದವಳು. 2020ರ ಮಾರ್ಚ್‌ನಲ್ಲಿ ತುರ್ತಲ್ಲದ ಸರ್ಜರಿಗಳೆಲ್ಲ ನಿಂತವು. ನಾವು ಕೈ ಪಳಗಿಸಿಕೊಳ್ಳೋದೇ ಪೊರೆ ಸರ್ಜರಿಯಲ್ಲಿ ಅಲ್ವಾ, ಅದೇ ಹೋಯಿತು. ರೆಟಿನಾ ಕಳಚಿದವರು, ಕಣ್ಣಿಗೆ ಪೆಟ್ಟಾದವರು ಬರುತ್ತಿದ್ದರು, ಅವರನ್ನು ಸೀನಿಯರ್‌ಗಳೇ ನೋಡುತ್ತಿದ್ದರು. ನಮ್ಮನ್ನು ಕೋವಿಡ್ ವಾರ್ಡಿಗೆ ಹಾಕಿದರು. ಭಯವೂ ಇತ್ತು. ಕಣ್ಣನ್ನು ಹತ್ತಿರದಿಂದ ದೊಡ್ಡದಾಗಿ ನೋಡುವ ಸ್ಲಿಟ್ ಲ್ಯಾಂಪ್‌ನಲ್ಲಿ ರೋಗಿಯ ಉಸಿರು ನಮ್ಮ ಮುಖಕ್ಕೇ ತಾಗುತ್ತದೆ. ವುಹಾನ್‌ನಲ್ಲಿ ಮೊದಲೇ ಎಚ್ಚರಿಸಿದ್ದ ಲಿ ವೆನ್‌ಲಿಯಾಂಗ್ ಕೂಡ ಕಣ್ಣಿನ ಡಾಕ್ಟರೇ. ಆ ಫೆಬ್ರವರಿಯಲ್ಲಿ ಅದೇ ಸೋಂಕಿನಿಂದ ತೀರಿಕೊಂಡಿದ್ದರು.

ಬಿಡುವಿದ್ದಾಗಲೆಲ್ಲ ವೆಬಿನಾರ್ ನೋಡಿದೆ. ಸತ್ತ ಪ್ರಾಣಿಗಳ ಕಣ್ಣಿನ ಮೇಲೆ ಕೈ ಪಳಗಿಸೋ ವೆಟ್ ಲ್ಯಾಬ್ ಕಡೆ ಹೋಗಲೇ ಇಲ್ಲ. ಅದೂ ತಪ್ಪೇ, ಆದರೆ ನನಗೆ ದುಬಾರಿಯಾದದ್ದು ಬೇರೆ.

ಸರ್ಜರಿ ಮತ್ತೆ ಶುರುವಾದಾಗ ಬಂದ ಕಣ್ಣುಗಳು ಮೊದಲಿನಂತಿರಲಿಲ್ಲ. ತಿಂಗಳುಗಟ್ಟಲೆ ಕಾದು ಪೊರೆ ಗಟ್ಟಿಯಾಗಿತ್ತು, ಕೆಲವು ಪೂರ್ತಿ ಬೆಳ್ಳಗಾಗಿದ್ದವು. ಅಂಥದ್ದೊಂದು ಕೇಸ್ ತೋರಿಸಿ ಸೀನಿಯರ್ "ಮಾಡ್ತೀಯಾ?" ಅಂದರು. ಹೂಂ ಅಂದೆ. ಸರ್ಜರಿಯಿಂದ ಕೈ ಬಿಟ್ಟು ಎಷ್ಟು ಕಾಲವಾಯಿತು ಅಂತ ಹೇಳಲಿಲ್ಲ. ಹೇಳಿದರೆ ಕೇಸ್ ಪಕ್ಕದವರಿಗೆ ಹೋಗುತ್ತದೆ, ನಾನು ಮಾಡಿದ ಸರ್ಜರಿಗಳ ಸಂಖ್ಯೆ ಇನ್ನೂ ಹಿಂದೆ ಬೀಳುತ್ತದೆ ಅನ್ನೋ ಭಯ. ಬಿಳಿ ಪೊರೆಯೊಳಗೆ ಒತ್ತಡ ಜಾಸ್ತಿ ಇರುತ್ತದೆ. ಮೊದಲು ದಪ್ಪ ವಿಸ್ಕೋ (ಕಣ್ಣೊಳಗೆ ಜಾಗ ಹಿಡಿದಿಡುವ ಜೆಲ್) ತುಂಬಬೇಕು, ಸಣ್ಣ ಸೂಜಿಯಿಂದ ಒಳಗಿನ ದ್ರವ ಎಳೆಯಬೇಕು, ಆಮೇಲೆ ಪುಟ್ಟದಾಗಿ ರೆಕ್ಸಿಸ್, ಅಂದರೆ ಪೊರೆಯ ಸುತ್ತಲಿನ ತೆಳು ಚೀಲವಾದ ಕ್ಯಾಪ್ಸೂಲ್‌ನ ಮುಂಭಾಗದಲ್ಲಿ ದುಂಡಗೆ ಬಾಯಿ ತೆರೆಯೋದು, ಶುರು ಮಾಡಬೇಕು. ಬಾಯಿಪಾಠ ಬರುತ್ತಿತ್ತು. ಆದರೆ ಮಾಸ್ಕ್‌ನ ಉಸಿರಿಗೆ ಮೈಕ್ರೋಸ್ಕೋಪ್‌ನ ಐಪೀಸ್ ಮಂಜಾಗಿತ್ತು, ಗಡಿಬಿಡಿಯಲ್ಲಿ ವಿಸ್ಕೋ ಕಡಿಮೆ ಹಾಕಿ ನೇರವಾಗಿ ಚುಚ್ಚಿದೆ. ನೀಲಿ ಬಣ್ಣ ಹಾಕಿದ್ದ ಕ್ಯಾಪ್ಸೂಲ್ ಎರಡೂ ಕಡೆಗೆ ಸರ್ರನೆ ಹರಿಯಿತು. ಸೀನಿಯರ್ ಕೂತು ಹೇಗೋ ಸಂಭಾಳಿಸಿದರು. ರೋಗಿಗೆ ದೃಷ್ಟಿ ಬಂತು. ನನಗೆ ಮಾತ್ರ ಬಹಳ ದಿನ ಕೇಸ್ ಸಿಗಲಿಲ್ಲ. ಕ್ಯಾಪ್ಸೂಲ್ ಹರಿದದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಮೊದಲೇ ಗೊತ್ತಿದ್ದರೆ ರೆಕ್ಸಿಸ್ ತಾವೇ ಮಾಡಿ ಉಳಿದದ್ದನ್ನು ನನಗೆ ಕೊಡುತ್ತಿದ್ದರಂತೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ವರ್ಷ ಹೆಚ್ಚಿಸಿಕೊಂಡರೆ ಸಂಖ್ಯೆ ತುಂಬಬಹುದು, ನಿಮ್ಮ ಕೈ ಯಾವ ಹಂತದಲ್ಲಿ ತಡವರಿಸುತ್ತದೆ ಅಂತ ಅದರಿಂದ ತಿಳಿಯುವುದಿಲ್ಲ. ಇಡೀ ಕೇಸ್ ಕೇಳಬೇಡಿ, ಹಂತ ಕೇಳಿ. ಕೊನೆಯಿಂದ ಶುರು ಮಾಡಿ: ಮೊದಲು ವಿಸ್ಕೋ ತೊಳೆಯೋದು, ಆಮೇಲೆ ಲೆನ್ಸ್ ಕೂರಿಸೋದು. ಕೇಸ್ ಇಲ್ಲದ ದಿನ ವೆಟ್ ಲ್ಯಾಬ್‌ನಲ್ಲಿ ಪ್ರಾಣಿಗಳ ಕಣ್ಣಿನ ಮೇಲೆ ಹೊಲಿಗೆ ಹಾಕಿ. ಸಿಮ್ಯುಲೇಟರ್ ಇದ್ದರೆ ರೆಕ್ಸಿಸ್ ಒಂದನ್ನೇ ಮತ್ತೆ ಮತ್ತೆ ಮಾಡಿ. ಪ್ರತಿ ಸರ್ಜರಿಯ ವಿಡಿಯೋ ಸೀನಿಯರ್ ಜೊತೆ ಕೂತು ನೋಡಿ. ಇಷ್ಟಾದ ಮೇಲೂ ರೆಕ್ಸಿಸ್ ಕೈಗೆ ಕೂರದಿದ್ದರೆ ಫೆಲೋಶಿಪ್‌ಗೆ, ಅಂದರೆ ಆ ಹೆಚ್ಚುವರಿ ತರಬೇತಿಗೆ ಹೋಗಿ, ಖಂಡಿತ ಹೋಗಿ. ಆದರೆ ನಾಳೆ ಥಿಯೇಟರ್‌ಗೆ ಕಾಲಿಡುವ ಮೊದಲು ಸೀನಿಯರ್‌ಗೆ ಹೇಳಿ, ಕೈ ಬಿಟ್ಟು ಎಷ್ಟು ತಿಂಗಳಾಯಿತು ಅಂತ.