ಡಾಬರ್‌ಮನ್ ಸಾಕಿದವರನ್ನೇ ಕಚ್ಚುತ್ತದಾ? ಲ್ಯಾಬ್ ಕಚ್ಚುವುದೇ ಇಲ್ಲವಾ?

ನೀವು ಕೇಳಿದ್ದು ಇಷ್ಟು. ಮಣಿಪಾಲದಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟು, 6 ವರ್ಷದ ಮಗಳು, ಜೊತೆಗೆ ಅತ್ತೆ. ಯಜಮಾನರಿಗೆ ಡಾಬರ್‌ಮನ್ ನಾಯಿ ಬೇಕು, ಅದಕ್ಕೆ ಒಂದು ದಿನ ತಲೆ ಕೆಡುತ್ತದೆ ಅಂತ ನಿಮಗೆ ಹೆದರಿಕೆ. ನಿಮ್ಮ ಮನಸ್ಸು ಲ್ಯಾಬ್, ಅಂದರೆ ಲ್ಯಾಬ್ರಡಾರ್, ಇಲ್ಲವೇ ಬೀಗಲ್ ಕಡೆಗೆ. ಊರ ನಾಯಿಯ ಮರಿ ಪುಕ್ಕಟೆ ಸಿಗುತ್ತದೆ, ಆದರೆ ಅದಕ್ಕೆ ಏನೂ ಕಲಿಸಲಿಕ್ಕೆ ಆಗುವುದಿಲ್ಲ ಅಂತ ಯಾರೋ ಹೇಳಿದ್ದಾರೆ. ಅತ್ತೆಯವರ ಷರತ್ತು ಎರಡೇ: ಮರಿಗೆ 20 ಉಗುರು ಇರಬೇಕು, ಅಂಗುಳ ಕಪ್ಪಿರಬೇಕು.

ನಾನು ಡಾಕ್ಟರಲ್ಲ. ಹಿರಿಯಡ್ಕದ ಹತ್ತಿರ ನಮ್ಮ ಹಳೇ ಹಟ್ಟಿಯನ್ನೇ ರಿಪೇರಿ ಮಾಡಿ, ಮುಂಬೈಗೆ, ಗಲ್ಫಿಗೆ, ಮದುವೆ ಮುಂಜಿಗೆ ಅಂತ ಹೋಗುವವರ ನಾಯಿಗಳನ್ನು ಇಟ್ಟುಕೊಳ್ಳುತ್ತೇನೆ. 11 ವರ್ಷ ಆಯಿತು. ದನ ಹೋಗಿ ನಾಯಿ ಬಂತು ಅಂತ ನಮ್ಮವರು ಈಗಲೂ ನೆಗಾಡುತ್ತಾರೆ. ಇಷ್ಟರಲ್ಲಿ ನಾಲ್ಕು ಸಲ ಕಚ್ಚಿಸಿಕೊಂಡಿದ್ದೇನೆ. ಮೂರು ಸಲ ಪೊಮೇರಿಯನ್, ಒಂದು ಸಲ ಲ್ಯಾಬ್. ರಾಟ್‌ವೀಲರ್, ಡಾಬರ್‌ಮನ್ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಗಂತ ರಾಟ್‌ವೀಲರ್ ಸಾಧು, ಪೊಮೇರಿಯನ್ ರಾಕ್ಷಸ ಅಂತ ತಿಳಿದುಕೊಳ್ಳಬೇಡಿ ಮಾರಾಯ್ರೆ. ರಾಟ್‌ವೀಲರ್ ಬಿಟ್ಟು ಹೋಗುವವರು ನೂರು ಸಲ ಜಾಗ್ರತೆ ಹೇಳಿ ಹೋಗುತ್ತಾರೆ, ನಾನೂ ನೋಡಿಕೊಂಡೇ ಹತ್ತಿರ ಹೋಗುತ್ತೇನೆ. ಪೊಮೇರಿಯನ್ ಗುರ್ ಅಂದರೆ ಮನೆಯವರಿಗೆಲ್ಲ ತಮಾಷೆ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಗುರ್ ಅಂದದ್ದಕ್ಕೆ ಯಾರೂ ಕಿವಿಗೊಡದಿದ್ದರೆ ಅದು ಮತ್ತೇನು ಮಾಡಬೇಕು? ಆದರೆ ಕಚ್ಚಿದ ಮೇಲಿನ ಲೆಕ್ಕವೇ ಬೇರೆ. ಪೊಮೇರಿಯನ್ ಕಚ್ಚಿದರೆ ಬ್ಯಾಂಡೇಜು, 45 ಕಿಲೋದ ನಾಯಿ ಕಚ್ಚಿದರೆ ಹೊಲಿಗೆ. ಮಗು ಇರುವ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ.

ಲ್ಯಾಬ್ ಕಚ್ಚಿದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಟಿ ತಿಂಗಳು, ಜಡಿಮಳೆ. ಹಳದಿ ಲ್ಯಾಬ್, ಹೆಸರು ಬ್ರೂನೋ. ಗೇಟಿನಲ್ಲಿ ಯಾರು ಬಂದರೂ ಅವರ ಕಾಲಿನ ಮೇಲೆ ಹೊರಳಿ ಹೊಟ್ಟೆ ತೋರಿಸುವ ಪ್ರಾಣಿ. ಎರಡು ದಿನದಿಂದ ತಲೆಯನ್ನು ಒಂದು ಬದಿಗೆ ವಾಲಿಸಿ ಪಟಪಟ ಕೊಡವುತ್ತಿತ್ತು. ಮೂರನೇ ದಿನ ಹತ್ತಿರ ಕೂತರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಜೋತು ಬಿದ್ದ ಕಿವಿ, ಒಳಗೆ ಗಾಳಿ ಆಡುವುದಿಲ್ಲ, ನಮ್ಮ ಮಳೆಗಾಲದಲ್ಲಿ ತೇವ ಆರುವುದೇ ಇಲ್ಲ. ಕಿವಿಯೊಳಗೆ ಸೋಂಕಾಗಿತ್ತು. ನಾನು ಯೋಚನೆ ಮಾಡದೆ ಕಿವಿಯನ್ನು ಹಿಡಿದು ಮಗುಚಿದೆ. ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ, ಮಣಿಕಟ್ಟಿನಲ್ಲಿ ನಾಲ್ಕು ತೂತು. ಕಚ್ಚಿದ್ದೇ ತಡ ಮೂಲೆಗೆ ಹೋಗಿ ಬಾಲ ಮಡಚಿ ಕೂತಿತು, ಪಾಪ. ನಲ್ಲಿಯ ಕೆಳಗೆ ಕೈ ಹಿಡಿದು, ಸಾಬೂನು ಹಾಕಿ, ಗಡಿಯಾರ ನೋಡಿ 15 ನಿಮಿಷ ತೊಳೆದೆ. ಆಮೇಲೆ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಶುರು ಮಾಡಿಸಿದೆ. "ಲ್ಯಾಬ್ ಅಲ್ವಾ, ಅದಕ್ಕೆಲ್ಲ ಇಂಜೆಕ್ಷನ್ ಯಾಕೆ" ಅಂತ ನಮ್ಮವರೇ ಕೇಳಿದ್ದು.

ಲ್ಯಾಬ್ ಕಚ್ಚುವುದಿಲ್ಲ ಎಂಬ ಧೈರ್ಯದಲ್ಲೇ ಮಕ್ಕಳನ್ನು ಅದರ ಮೇಲೆ ಕುದುರೆ ಸವಾರಿ ಮಾಡಿಸುವವರಿದ್ದಾರೆ. ಯಾವ ತಳಿಯೇ ಇರಲಿ, ಊಟ ಮಾಡುವಾಗ, ಮಲಗಿದಾಗ, ಎಲ್ಲಿಯಾದರೂ ನೋವಿದ್ದಾಗ ಮಗುವನ್ನು ಅದರ ಹತ್ತಿರ ಒಂಟಿಯಾಗಿ ಬಿಡಬಾರದು.

ಲ್ಯಾಬ್ ಬಗ್ಗೆ ಇನ್ನೊಂದು ತಪ್ಪು ತಿಳುವಳಿಕೆ, ಅದು ಸೋಫಾದಲ್ಲಿ ಮಲಗಿಕೊಂಡಿರುವ ಸೋಮಾರಿ ನಾಯಿ ಅಂತ. ಹೆಸರು ಲ್ಯಾಬ್ರಡಾರ್ ಆದರೂ ಅದರ ಮೂಲ ಇರುವುದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ. ಚಳಿ ನೀರಿಗೆ ಹಾರಿ ಮೀನುಗಾರರ ಬಲೆ, ಹಗ್ಗ, ತಪ್ಪಿಸಿಕೊಂಡ ಮೀನು ಎಳೆದು ತರುತ್ತಿದ್ದ ನಾಯಿಗಳ ವಂಶ. ಮಲ್ಪೆ ಬಂದರಿನಲ್ಲಿ ಇರಬೇಕಾದದ್ದನ್ನು ನಾವು ಟಿವಿ ಎದುರು ಕೂರಿಸಿ ಗೋಳಿಬಜೆ ಹಾಕುತ್ತೇವೆ. ಅದಕ್ಕೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಸುಮ್ಮನೆ ಹೇಳುವುದಲ್ಲ, ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನಿನ ತುಂಡು ಸುಮಾರು ಕಾಲು ಭಾಗದಷ್ಟು ಲ್ಯಾಬ್‌ಗಳಲ್ಲಿ ಕಾಣೆಯಾಗಿದೆ ಅಂತ ಕೇಂಬ್ರಿಜ್‌ನವರು 2016ರಲ್ಲಿ ಕಂಡುಹಿಡಿದಿದ್ದಾರೆ. ಹಾಗಾಗಿ ಅದು ಬಟ್ಟಲು ನೆಕ್ಕುತ್ತಾ ನಿಮ್ಮ ಮುಖ ನೋಡಿದರೆ ಅತ್ತೆಯವರು ಕರಗಿ ಇನ್ನೊಂದು ಸೌಟು ಕುಚ್ಚಲಕ್ಕಿ ಗಂಜಿ ಹಾಕದ ಹಾಗೆ ನೋಡಿಕೊಳ್ಳಿ.

ಈಗ ಡಾಬರ್‌ಮನ್. ತಲೆಬುರುಡೆ ಚಿಕ್ಕದು, ಮೆದುಳು ಬೆಳೆಯುತ್ತಲೇ ಹೋಗುತ್ತದೆ, ಐದಾರು ವರ್ಷಕ್ಕೆ ಒಳಗೆ ಜಾಗ ಸಾಲದೆ ಹುಚ್ಚು ಹಿಡಿದು ಸಾಕಿದವನನ್ನೇ ಹರಿಯುತ್ತದೆ. ಈ ಕಥೆಯನ್ನು ನಾನು ಉಡುಪಿಯಲ್ಲೂ ಕೇಳಿದ್ದೇನೆ, ಮಂಗಳೂರಿನಲ್ಲೂ ಕೇಳಿದ್ದೇನೆ. ಹೇಳಿದವರೆಲ್ಲರಿಗೂ ಅದು ಭಾವನ ಗೆಳೆಯನ ಮನೆಯಲ್ಲಿ ನಡೆದದ್ದು, ಕಣ್ಣಾರೆ ನೋಡಿದವರು ಮಾತ್ರ ಒಬ್ಬರೂ ಸಿಕ್ಕಿಲ್ಲ. ಹಾಗೆ ಎಂತದೂ ಇಲ್ಲ. ಬೇರೆ ನಾಯಿಗಳ ಹಾಗೆ ಅದರ ಮೆದುಳೂ ದೊಡ್ಡದಾದ ಮೇಲೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಇಂಥ ಕಥೆ ಯಾಕೆ ಹುಟ್ಟಿತು ಅಂದರೆ ನಾಯಿಯ ಮುಖ ನೋಡಿಯೇ ಇರಬೇಕು. ನೆಟ್ಟಗೆ ನಿಂತ ಕಿವಿ, ಮೊಂಡು ಬಾಲ, ಚೂಪು ಮೂತಿ. ಅದೂ ಹುಟ್ಟಿನಿಂದ ಬಂದದ್ದಲ್ಲ. ಡಾಬರ್‌ಮನ್ ಹುಟ್ಟುವಾಗ ಜೋಲು ಕಿವಿ, ಉದ್ದ ಬಾಲ. ಮರಿಯಾಗಿದ್ದಾಗಲೇ ಕತ್ತರಿಸಿ, ಕಿವಿಗೆ ಪಟ್ಟಿ ಕಟ್ಟಿ ನಿಲ್ಲಿಸುವುದು. ಕತ್ತರಿಸದ ಒಂದು ಡಾಬರ್‌ಮನ್ ನಮ್ಮಲ್ಲಿಗೆ ಬರುತ್ತದೆ, ನೋಡಿದವರೆಲ್ಲ "ಇದು ಮಿಕ್ಸ್ ಅಲ್ವಾ ಅಕ್ಕಾ" ಅಂತ ಕೇಳುತ್ತಾರೆ.

19ನೇ ಶತಮಾನದ ಕೊನೆಗೆ ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ ಲೂಯಿ ಡಾಬರ್‌ಮನ್ ಎಂಬ ತೆರಿಗೆ ವಸೂಲಿಯವ ತನ್ನ ಕಾವಲಿಗೆ ಅಂತ ಬೆಳೆಸಿದ ತಳಿ ಅದು. ಹಾಗಾಗಿ ಯಜಮಾನನ ಕಾಲಿಗೆ ಅಂಟಿಕೊಂಡೇ ಇರುವ ಗುಣ. ನಾನು ಬಟ್ಟೆ ಒಗೆಯಲಿಕ್ಕೆ ಹೋದರೂ ಬಂದು ತೊಡೆಗೆ ಒರಗಿ ನಿಲ್ಲುತ್ತದೆ, ಅರ್ಧ ಭಾರ ನನ್ನ ಮೇಲೆ. ಇಂಥದ್ದನ್ನು ಸರಪಳಿ ಹಾಕಿ ಮನೆ ಹಿಂದೆ ಕಟ್ಟಿದರೆ ಯಾವ ಮೆದುಳೂ ಬೆಳೆಯದೆ ಹುಚ್ಚು ಹಿಡಿಯಬಹುದು. ಹೆದರುವುದಿದ್ದರೆ ಅದರ ಎದೆಗೆ ಹೆದರಿ. ಹೃದಯದ ಸ್ನಾಯು ಸಡಿಲವಾಗಿ ಹೃದಯ ಊದಿಕೊಳ್ಳುವ ಕಾಯಿಲೆ ಈ ತಳಿಯಲ್ಲಿ ಜಾಸ್ತಿ, ಚೆನ್ನಾಗಿದ್ದ ನಾಯಿ ಧೊಪ್ ಅಂತ ಬಿದ್ದು ಸಾಯುವುದೂ ಉಂಟು. ಫ್ಲ್ಯಾಟಿನಲ್ಲಿ ಇಟ್ಟುಕೊಳ್ಳಬಹುದಾ ಅಂದರೆ, ದಿನಕ್ಕೆ ಎರಡು ಹೊತ್ತು, ಮಳೆಯಲ್ಲೂ, ಓಡಿಸುವವರು ಯಾರು ಅಂತ ಮೊದಲು ನಿಮ್ಮ ಯಜಮಾನರಲ್ಲಿ ಕೇಳಿ. ಉತ್ತರ ಸಿಗುವುದಕ್ಕೆ ತಡವಾದರೆ ಡಾಬರ್‌ಮನ್ ಆಸೆ ಬಿಡಿ.

ತಳಿ ಅಂದರೆ ಸ್ವಭಾವ ಅಂತ ನಾವು ಹಿಡಿದುಕೊಂಡಿರುವುದೇ ಎಡವಟ್ಟು. 2022ರಲ್ಲಿ ಅಮೆರಿಕದವರು 18,000ಕ್ಕೂ ಹೆಚ್ಚು ನಾಯಿಗಳ ವಿವರ ಕಲೆಹಾಕಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ನೋಡಿ ಹೇಳಿದ್ದು ಏನೆಂದರೆ, ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9% ಮಾತ್ರ. ಉಳಿದದ್ದು ಆ ನಾಯಿಯದ್ದೇ, ಆ ಮನೆಯದ್ದೇ. ಆದರೆ ಹಳೇ ಕಸುಬಿನ ವಾಸನೆ ಪೂರ್ತಿ ಹೋಗುವುದೂ ಇಲ್ಲ. ಅದಕ್ಕೆ ಬೀಗಲ್ ನೋಡಿ.

ಸಣ್ಣ ನಾಯಿ, ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು ಅಂತ ಬೀಗಲ್ ತರುತ್ತಾರೆ. ಅದು ಗುಂಪಿನಲ್ಲಿ ಮೊಲದ ಜಾಡು ಹಿಡಿದು ಓಡುವ ಬೇಟೆ ನಾಯಿ. ಮೂಗು ನೆಲಕ್ಕೆ ಹೋಯಿತು ಅಂದರೆ ಕಿವಿ ಬಂದ್. ನಮ್ಮಲ್ಲಿದ್ದ ಒಂದು ಬೀಗಲ್, ಬೆಳಿಗ್ಗೆ ಮೀನಿನವನ ಸ್ಕೂಟರು ಪೋಂ ಪೋಂ ಅಂತ ತಿರುವಿನಲ್ಲಿ ಬರುವಾಗಲೇ ಎದ್ದು ನಿಲ್ಲುತ್ತಿತ್ತು. ಒಂದು ದಿನ ಬೆಲ್ಟ್ ಕೈಯಿಂದ ಜಾರಿತು. ಬೂತಾಯಿ ಪೆಟ್ಟಿಗೆಯ ಹಿಂದೆ ಗದ್ದೆ ದಾಟಿ, ಸಂಕ ದಾಟಿ ಓಡಿತು. ನಾನು ನೈಟಿಯಲ್ಲೇ ಅದರ ಹಿಂದೆ. ಕೊನೆಗೆ ಮೀನಿನವನೇ ಸ್ಕೂಟರು ನಿಲ್ಲಿಸಿ ಎರಡು ಬೂತಾಯಿ ತೋರಿಸಿ ಹಿಡಿದುಕೊಟ್ಟ, ಅದರ ದುಡ್ಡೂ ತೆಗೆದುಕೊಂಡ. ಮತ್ತೆ ಅದರ ಬೊಗಳು ಬೊಗಳಿನ ಹಾಗಿರುವುದಿಲ್ಲ, ಉದ್ದಕ್ಕೆ ರಾಗ ಎಳೆಯುವುದು. ಮೂರನೇ ಮಾಳಿಗೆಯಲ್ಲಿ ನೀವಿಲ್ಲದ ಹೊತ್ತು ಆ ರಾಗ ಎಳೆದರೆ ಅಸೋಸಿಯೇಶನ್‌ನವರ ನೋಟೀಸು ಖಂಡಿತ.

ಪೊಮೇರಿಯನ್ ಅಂತ ಆಗ ಹೇಳಿದೆನಲ್ಲ, ನಿಜವಾಗಿ ನೋಡಿದರೆ ನಮ್ಮ ಊರಿನ ಬಿಳಿ ಪೊಮೇರಿಯನ್‌ಗಳಲ್ಲಿ ಹೆಚ್ಚಿನವು ಪೊಮೇರಿಯನ್ನೇ ಅಲ್ಲ, ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್‌ಗಳಿಂದ ಇಲ್ಲೇ ಬೆಳೆದ ತಳಿ. ಅಸಲಿ ಪೊಮೇರಿಯನ್ ಮೂರು ಕಿಲೋ ದಾಟುವುದು ಕಷ್ಟ. ಆಲ್ಸೇಶನ್ ಬೇರೆ, ಜರ್ಮನ್ ಶೆಫರ್ಡ್ ಬೇರೆ ಅಂತ ವಾದ ಮಾಡುವವರೂ ಇದ್ದಾರೆ. ಎರಡೂ ಒಂದೇ. ಮೊದಲ ಮಹಾಯುದ್ಧದ ಮೇಲೆ ಇಂಗ್ಲೆಂಡಿನವರಿಗೆ ಜರ್ಮನ್ ಅನ್ನಲಿಕ್ಕೆ ಮನಸ್ಸು ಬರದೆ ಇಟ್ಟ ಹೆಸರದು, 1977ರ ತನಕ ಅಲ್ಲಿ ಅದೇ ನಡೆಯಿತು. ನಮ್ಮ ಅಜ್ಜಂದಿರ ಬಾಯಲ್ಲಿ ಇನ್ನೂ ನಡೆಯುತ್ತಿದೆ.

ಹಸ್ಕಿ ಬೇಡ, ಅದು ಹಿಮದ ನಾಡಿನ ನಾಯಿ. ಎಸಿ ಉಂಟು, ಕೂದಲು ಬೋಳಿಸುತ್ತೇವೆ ಅಂತ ಹೇಳಬೇಡಿ, ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟು. ನಮ್ಮ ಕರಾವಳಿಯ ಸೆಕೆಯಲ್ಲಿ ಗಾಳಿಯೇ ಒದ್ದೆ, ಬೆವರು ಆರದ ಹಾಗೆ ಆ ಉಸಿರಿನ ತೇವವೂ ಸುಲಭದಲ್ಲಿ ಆರುವುದಿಲ್ಲ. ಚಪ್ಪಟೆ ಮೂತಿಯ ಪಗ್‌ಗೂ ಇದೇ ಮಾತು. ಅದು ಗೊರಕೆ ಹೊಡೆಯುವುದನ್ನು ಚಂದ ಅನ್ನುತ್ತಾರೆ, ಪಾಪ, ಅದಕ್ಕೆ ಉಸಿರು ಸಿಗುತ್ತಿಲ್ಲ.

ರಾಟ್‌ವೀಲರ್, ಪಿಟ್‌ಬುಲ್ ವಿಷಯ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ 23 ತಳಿಗಳನ್ನು ಅಪಾಯಕಾರಿ ಅಂತ ಪಟ್ಟಿ ಮಾಡಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿದಾಗ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ರಾಟ್‌ವೀಲರ್ ಅದರಲ್ಲಿತ್ತು, ಡಾಬರ್‌ಮನ್ ಇರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಪಿಟ್‌ಬುಲ್ ಕಚ್ಚಿದರೆ ದವಡೆ ಲಾಕ್ ಆಗುತ್ತದೆ ಎಂಬುದು ಸುಳ್ಳು, ದವಡೆಯಲ್ಲಿ ಅಂಥ ಬೀಗ ಇಲ್ಲ. ಹಿಡಿದದ್ದನ್ನು ಬಿಡದ ಹಟ ಮಾತ್ರ ನಿಜ. ಕಾರ್ಕಳ, ಹೆಬ್ರಿ ಕಡೆಯವರು ಚಿರತೆಗೆ ಅಂತ ರಾಟ್‌ವೀಲರ್ ತರುತ್ತಾರೆ, ಅದೊಂದು ದೊಡ್ಡ ಭ್ರಮೆ. ನಮ್ಮ ಆಚೆಮನೆಯವರು ಅಂಗಳದಲ್ಲಿ ಕಟ್ಟಿದ್ದ ಗಟ್ಟಿಮುಟ್ಟು ನಾಯಿ ಬೆಳಗಾಗುವಾಗ ಇರಲಿಲ್ಲ. ತುಂಡಾದ ಸರಪಳಿ, ಅಡಿಕೆ ಸೋಗೆಯ ಮೇಲೆ ಎಳೆದುಕೊಂಡು ಹೋದ ಗೆರೆ. ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಬಾಳೆಲೆ. ರಾತ್ರಿ ಒಳಗೆ ಹಾಕಬೇಕು, ಇಲ್ಲ ಮೇಲೂ ಮುಚ್ಚಿದ ಗೂಡು ಬೇಕು.

ಇನ್ನು ಊರ ನಾಯಿ. ಕಾಟುಮಾವಿಗೆ, ಅಂದರೆ ಕಾಡುಮಾವಿಗೆ, ಇರುವ ಮರ್ಯಾದೆ ನಮ್ಮಲ್ಲಿ ಕಾಟುನಾಯಿಗೆ ಇಲ್ಲ. ಜಾತಿ ನಾಯಿ, ಕಂತ್ರಿ ನಾಯಿ ಅಂತ ನಾವು ಇಟ್ಟ ಹೆಸರಲ್ಲೇ ಎಲ್ಲ ಗೊತ್ತಾಗುತ್ತದೆ. ಕಲಿಯುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಕಾಳಿ, ಸಂತೆಕಟ್ಟೆಯ ಚರಂಡಿ ಬದಿಯಲ್ಲಿ ಸಿಕ್ಕಿದ್ದು, ಗೇಟಿನ ಚಿಲಕವನ್ನು ಮೂತಿಯಲ್ಲಿ ಎತ್ತುವುದನ್ನು ತಾನೇ ನೋಡಿ ಕಲಿತಿದೆ. ಲ್ಯಾಬ್‌ನ ಹಾಗೆ ಒಂದು ಬಿಸ್ಕತ್ತಿಗೆ ಹತ್ತು ಸಲ ಕೂತು ಏಳುವುದಿಲ್ಲ ಅಷ್ಟೆ, ಎರಡು ಸಲ ಕೂತು "ಮತ್ತೆಂತ" ಅನ್ನುವ ಹಾಗೆ ಮುಖ ನೋಡುತ್ತದೆ. ಆದರೆ ಊರ ನಾಯಿಗೆ ರೋಗವೇ ಬರುವುದಿಲ್ಲ ಎಂಬುದೂ ಸುಳ್ಳು. ಉಣುಗು ಕಚ್ಚಿ ಬರುವ ಜ್ವರ ಕಾಳಿಗೂ ಬಂದಿದೆ, ರೇಬೀಸ್ ಲಸಿಕೆ ಅದಕ್ಕೂ ವರ್ಷ ವರ್ಷ ಬೇಕು. ನಮ್ಮದೇ ರಾಜ್ಯದ ಮುಧೋಳ ನಾಯಿಯದ್ದು ಇನ್ನೊಂದು ಗೋಳು. ಒಂದು ಸಲ ವಾರದ ಮಟ್ಟಿಗೆ ಬಂದಿತ್ತು, ಪಕ್ಕೆಲುಬು ಕಾಣುವುದು ನೋಡಿ ಹಾಲು ತರುವ ಹೆಂಗಸು "ಪಾಪ, ಊಟ ಹಾಕುವುದಿಲ್ಲವಾ" ಅಂತ ನನಗೇ ಬೈದಳು. ಓಡಿ ಬೇಟೆ ಹಿಡಿಯುವ ನಾಯಿ, ಮೈಕಟ್ಟೇ ಹಾಗೆ. 2016ರಲ್ಲಿ ಮಿಲಿಟರಿಯವರೇ ಕೊಂಡುಹೋಗಿ ತರಬೇತಿ ಕೊಟ್ಟ ತಳಿ.

ಮರಿ ಮಾರುವವರ ಮಾತಿಗೆ ಮರುಳಾಗಬೇಡಿ. "ಡಬಲ್ ಬೋನ್ ಲ್ಯಾಬ್" ಅಂತ ಐದು ಸಾವಿರ ಜಾಸ್ತಿ ಕೇಳುತ್ತಾರೆ. ಎಲುಬು ಎಲ್ಲ ನಾಯಿಗೂ ಸಿಂಗಲ್ಲೇ. ಕಾನೂನಿನ ಪ್ರಕಾರ 8 ವಾರ ಆಗದ ಮರಿಯನ್ನು ಮಾರುವಂತಿಲ್ಲ, ಇಲ್ಲಿ 30 ದಿನಕ್ಕೇ ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಡುತ್ತಾರೆ. ತಾಯಿನಾಯಿಯನ್ನು ತೋರಿಸಿ ಅನ್ನಿ. ಅದು ನಿಮ್ಮನ್ನು ಕಂಡು ಹೆದರಿ ಮುದುಡುತ್ತದಾ, ಮೈಮೇಲೆ ಬೀಳುತ್ತದಾ, ಬಾಲ ಅಲ್ಲಾಡಿಸುತ್ತದಾ ನೋಡಿ. ತೋರಿಸುವುದಿಲ್ಲ ಅಂದರೆ ವಾಪಸು ಬನ್ನಿ. ನನ್ನನ್ನು ಕೇಳಿದರೆ ನಿಮ್ಮ ಮನೆಗೆ ಒಂದು ಸ್ಪಿಟ್ಜ್, ಇಲ್ಲವಾದರೆ ಎರಡು ತಿಂಗಳು ದಾಟಿದ ಊರ ನಾಯಿಯ ಹೆಣ್ಣುಮರಿ.

ಅತ್ತೆಯವರ ಷರತ್ತಿನ ಮಾತು. ಅಂಗುಳದ ಕಪ್ಪು ಬರೀ ಬಣ್ಣ, ಅದನ್ನು ಬಿಡಿ. ಉಗುರು ಸಾಮಾನ್ಯವಾಗಿ 18 ಇರುತ್ತದೆ, ಮುಂದಿನ ಕಾಲಿಗೆ ಐದೈದು, ಹಿಂದಿನದ್ದಕ್ಕೆ ನಾಲ್ಕು ನಾಲ್ಕು. ಕೆಲವಕ್ಕೆ ಹಿಂದೆಯೂ ಒಂದೊಂದು ಜಾಸ್ತಿ ಇದ್ದು 20 ಆಗುತ್ತದೆ, ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಎಣಿಸುವುದನ್ನು ಮಾತ್ರ ತಪ್ಪಿಸಬೇಡಿ. ಅತ್ತೆಯವರನ್ನೇ ಕರೆದುಕೊಂಡು ಹೋಗಿ, ಮರಿಗಳನ್ನು ಒಂದೊಂದಾಗಿ ಅವರ ಮಡಿಲಲ್ಲಿ ಇಡಿ, ನಾಲ್ಕೂ ಕಾಲಿನ ಬೆರಳು ಬಿಡಿಸಿ ನಿಧಾನ ಎಣಿಸಲಿ. ಯಾವುದು ಕೊಸರಾಡದೆ, ಹಲ್ಲು ಹಾಕದೆ ಎಣಿಸಲಿಕ್ಕೆ ಬಿಡುತ್ತದೋ ಅದನ್ನು ಮನೆಗೆ ತನ್ನಿ, ಎಣಿಕೆ ಎಷ್ಟಾದರೂ ಬರಲಿ.